ಲಿಟಲ್ ವಾಲ್ಟರ್‌ನ ಮೌತ್ ಆರ್ಗನ್ ಸ್ಯಾಕ್ಸೋಫೋನಿನಂತೆ ಕೇಳಿಸುವುದೇಕೆ?

ಪ್ರಶ್ನೆ: ನನ್ನ ಬಳಿ ಇಪ್ಪತ್ತನಾಲ್ಕು ರಂಧ್ರಗಳ ಮೌತ್ ಆರ್ಗನ್ ಇದೆ. ಹಳೆಯ ಚಿತ್ರಗೀತೆಗಳನ್ನು ನುಡಿಸಿಕೊಳ್ಳುತ್ತೇನೆ, ಕರ್ನಾಟಕ ಸಂಗೀತವನ್ನೂ ಸ್ವಲ್ಪ ಕಲಿತಿದ್ದೇನೆ. ಇತ್ತೀಚೆಗೆ ಲಿಟಲ್ ವಾಲ್ಟರ್ ಎಂಬ ಅಮೆರಿಕದ ಬ್ಲೂಸ್ (ಅಲ್ಲಿನ ಕಪ್ಪು ಜನರ ಸಂಗೀತ ಪ್ರಕಾರ) ಕಲಾವಿದನ ವಾದನ ಕೇಳಿದೆ. ಮೊದಲು ಅದನ್ನು ಸ್ಯಾಕ್ಸೋಫೋನ್ ಎಂದೇ ತಿಳಿದಿದ್ದೆ. ನನ್ನ ವಾದ್ಯದಲ್ಲಿ ಎಷ್ಟು ಹೆಣಗಿದರೂ ಆ ಅಳುವಂಥ ಸ್ವರ ಹೊರಡುವುದಿಲ್ಲ. ಈತ ಯಾರು? ಆ ನಾದ ಎಲ್ಲಿಂದ ಬರುತ್ತದೆ? ನನ್ನಂಥವರು ಅದನ್ನು ಕಲಿಯಬಹುದೇ?

ಉತ್ತರ: ಸ್ಯಾಕ್ಸೋಫೋನ್ ಎಂದು ನಿಮಗೆ ಅನ್ನಿಸಿದ್ದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ. ವಾಲ್ಟರ್‌ನ ಸಮಕಾಲೀನರಲ್ಲಿ ಬಹುಪಾಲು ಜನ ಹಿರಿಯ ಮೌತ್ ಆರ್ಗನ್ ವಾದಕರನ್ನು ಕೇಳಿ ಕಲಿತರು. ವಾಲ್ಟರ್ ಆ ಹಿರಿಯರನ್ನೂ ಕೇಳಿದ, ಜೊತೆಗೆ ಲೂಯಿ ಜೋರ್ಡನ್‌ನಂಥ ಸ್ಯಾಕ್ಸೋಫೋನ್ ವಾದಕರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಆ ಸಂಚಾರಗಳನ್ನು ಅಂಗೈಯಲ್ಲಿ ಅಡಗುವ ವಾದ್ಯಕ್ಕೆ ಇಳಿಸಿಕೊಂಡ. ಮೈಕ್ ಹಿಡಿದು ಮೌತ್ ಆರ್ಗನ್ ನುಡಿಸಿದವರಲ್ಲಿ ಇವನೇ ಮೊದಲಿಗ ಎಂದು ಹಲವರು ಬರೆಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಸ್ನೂಕಿ ಪ್ರಯರ್ ಎಂಬ ವಾದಕ ತಾನು 1940ರ ದಶಕದ ನಡುವಿನಲ್ಲೇ ಧ್ವನಿವರ್ಧಕದ ಮೂಲಕ ನುಡಿಸುತ್ತಿದ್ದೆ ಎಂದು ಹೇಳಿಕೊಂಡಿದ್ದಾನೆ. ವಾಲ್ಟರ್‌ನ ಹಿರಿಮೆಯನ್ನು ಹುಡುಕಬೇಕಾದದ್ದು ಅವನ ಕಿವಿಯಲ್ಲಿ. ಮೈಕ್ ಸಿಕ್ಕಾಗ ಅದರಿಂದ ಏನು ಕೇಳಿಸಬೇಕು ಎಂಬುದು ಅವನಿಗೆ ಆಗಲೇ ಗೊತ್ತಿತ್ತು.

ಮೊದಲು ನಿಮ್ಮ ವಾದ್ಯದ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ಇಪ್ಪತ್ತನಾಲ್ಕು ರಂಧ್ರದ, ಎರಡು ಸಾಲಿನ ಮೌತ್ ಆರ್ಗನ್ ಟ್ರೆಮೊಲೊ ಬಗೆಯದು. ಒಂದು ಸ್ವರಕ್ಕೆ ಎರಡು ರೀಡ್‌ಗಳಿರುತ್ತವೆ (ಉಸಿರಿಗೆ ಕಂಪಿಸಿ ನುಡಿಯುವ ತೆಳು ಲೋಹದ ಪಟ್ಟಿಗಳು), ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಏರಿಸಿ ಶ್ರುತಿ ಮಾಡಿರುತ್ತಾರೆ. ಎರಡೂ ಒಟ್ಟಿಗೆ ನುಡಿದಾಗ ಆ ತುಯ್ದಾಟ ಬರುತ್ತದೆ. ಹಳೆಯ ಚಿತ್ರಗೀತೆಗಳಿಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಅದರಲ್ಲಿ ಪ್ರತಿ ರೀಡ್‌ಗೂ ಬೇರೆ ಬೇರೆ ಗೂಡು. ಬ್ಲೂಸ್ ವಾದಕರು ಬಳಸುವುದು ಹತ್ತು ರಂಧ್ರದ ಡಯಾಟೋನಿಕ್. ಜರ್ಮನಿಯ ಹೋನರ್ ಕಂಪನಿ 1896ರಿಂದ ತಯಾರಿಸುತ್ತಿರುವ ಮರೀನ್ ಬ್ಯಾಂಡ್ ಎಂಬ ಮಾದರಿ ಆ ಕಾಲದ ಬ್ಲೂಸ್ ವಾದಕರ ಕೈಯಲ್ಲೆಲ್ಲ ಇತ್ತು. ಅದರ ಒಂದೊಂದು ಗೂಡಿನಲ್ಲಿ ಎರಡು ರೀಡ್‌ಗಳು: ಒಂದು ಊದಿದಾಗ ನುಡಿಯುತ್ತದೆ, ಇನ್ನೊಂದು ಉಸಿರನ್ನು ಒಳಗೆಳೆದಾಗ. ನೀವು ಕೇಳಿದ ಅಳು ಹುಟ್ಟುವುದು ಈ ಎರಡು ರೀಡ್‌ಗಳ ಒಡನಾಟದಿಂದ. ನಿಮ್ಮ ವಾದ್ಯದಲ್ಲಿ ಅವು ಒಂದರ ಉಸಿರಿಗೆ ಇನ್ನೊಂದು ಸಿಗುವುದೇ ಇಲ್ಲ. ತಪ್ಪು ನಿಮ್ಮದಲ್ಲ.

ಇದನ್ನು ಒಂದೇ ರಂಧ್ರದಲ್ಲಿ ನೋಡಿ. ಸಿ ಶ್ರುತಿಯ ಹತ್ತು ರಂಧ್ರದ ವಾದ್ಯದಲ್ಲಿ ಮೂರನೆಯ ರಂಧ್ರವನ್ನು ಊದಿದರೆ ಪಾಶ್ಚಾತ್ಯ ಸ್ವರ ಜಿ, ಎಳೆದರೆ ಬಿ. ಈಗ ಉಸಿರೆಳೆಯುತ್ತಲೇ ನಾಲಿಗೆಯನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ ಬಾಯಿಯ ಒಳಗಿನ ಜಾಗದ ಆಕಾರವನ್ನು ಬದಲಿಸಿದರೆ, ಎಳೆಯುವ ರೀಡ್ ಬಳಲುತ್ತ ಕೆಳಗಿಳಿಯುತ್ತದೆ, ಸುಮ್ಮನಿದ್ದ ಊದುವ ರೀಡ್ ಅದಕ್ಕೆ ದನಿಗೂಡಿಸುತ್ತದೆ. ಸ್ವರ ಬಿ ಇಂದ ಅರ್ಧ ಸ್ವರ, ಒಂದು ಸ್ವರ, ಒಂದೂವರೆ ಸ್ವರದವರೆಗೆ ಜಾರಿ, ಜಿ ಮುಟ್ಟುವ ಮುನ್ನ ನಿಲ್ಲುತ್ತದೆ. ನಡುವಿನ ಯಾವ ಬಿಂದುವಿನಲ್ಲಾದರೂ ಅದನ್ನು ತಡೆದು ಹಿಡಿಯಬಹುದು. ತುಟಿ ಬಿಗಿ ಮಾಡುವುದರಿಂದಾಗಲಿ ಜೋರಾಗಿ ಎಳೆಯುವುದರಿಂದಾಗಲಿ ಇದು ಬರುವುದಿಲ್ಲ. ಹಾಗೆ ಮಾಡಿದರೆ ರೀಡ್ ಹಾಳಾಗುತ್ತದೆ, ಅಷ್ಟೇ.

ಸಂಗೀತ ಕಲಿತವರಾದ್ದರಿಂದ ಮುಂದಿನ ಹೆಜ್ಜೆ ನಿಮಗೆ ಸುಲಭ. ಸಿ ವಾದ್ಯದಲ್ಲಿ ಸಿಯನ್ನೇ ಷಡ್ಜ ಮಾಡಿಕೊಂಡರೆ ಸಿಗುವುದು ಶಂಕರಾಭರಣ. ಬ್ಲೂಸ್ ವಾದಕರು ಅದೇ ವಾದ್ಯದಲ್ಲಿ ಜಿಯನ್ನು ಷಡ್ಜವಾಗಿ ಹಿಡಿಯುತ್ತಾರೆ, ಆಗ ಹರಿಕಾಂಭೋಜಿಯ ಸ್ವರಗಳು ಸಿಗುತ್ತವೆ. ಡಿಯನ್ನು ಷಡ್ಜ ಮಾಡಿದರೆ ಖರಹರಪ್ರಿಯ. ಷಡ್ಜವನ್ನು ಸರಿಸಿ ಬೇರೆ ರಾಗ ಪಡೆಯುವ ನಮ್ಮ ಗ್ರಹಭೇದವೇ ಇದು. ಅವರು ಜಿಯನ್ನು ಆರಿಸಿಕೊಂಡದ್ದಕ್ಕೆ ಬಲವಾದ ಕಾರಣವಿದೆ: ಎರಡು, ಮೂರು, ನಾಲ್ಕು, ಐದನೆಯ ರಂಧ್ರಗಳನ್ನು ಎಳೆದರೆ ಕ್ರಮವಾಗಿ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ ನುಡಿಯುತ್ತವೆ. ಅಂದರೆ ಹಾಡಿನ ಜೀವಸ್ವರಗಳೆಲ್ಲ ಒಳಉಸಿರಿಗೆ ಬಂದು ಕೂರುತ್ತವೆ, ಮಂದ್ರ ಭಾಗದಲ್ಲಿ ಬಾಗುವುದೂ ಒಳಉಸಿರಿನ ಸ್ವರಗಳೇ. ಅಂತರ ಗಾಂಧಾರವನ್ನು ಬಾಗಿಸಿದರೆ ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರ ಸಿಗುತ್ತದೆ. ಬ್ಲೂಸ್‌ನ ಗಾಂಧಾರ ಈ ಎರಡರ ನಡುವೆ ಎಲ್ಲೋ ಓಲಾಡುತ್ತಿರುತ್ತದೆ, ಪಿಯಾನೋದಲ್ಲಿ ಅದಕ್ಕೆ ಮನೆಯೇ ಇಲ್ಲ. ಗಮಕಕ್ಕೆ ಪಳಗಿದ ಕಿವಿಗೆ ಅದು ತಟ್ಟನೆ ಹಿಡಿಸುತ್ತದೆ. ಬ್ಲೂಸ್ ಕಲಿಯಲು ಹೊರಟ ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಇರುವ ದೊಡ್ಡ ಅನುಕೂಲ ಇದೇ ಎಂದು ನನ್ನ ಗಟ್ಟಿ ನಂಬಿಕೆ.

ಇನ್ನು ಅವನ ಬದುಕು. ಮರಿಯನ್ ವಾಲ್ಟರ್ ಜೇಕಬ್ಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಲೂಸಿಯಾನಾ ರಾಜ್ಯದ ಮಾರ್ಕ್ಸ್‌ವಿಲ್‌ನಲ್ಲಿ. ಹುಟ್ಟಿದ ದಿನ ಸಾಮಾನ್ಯವಾಗಿ ದಾಖಲಾಗಿರುವುದು 1930ರ ಮೇ 1 ಎಂದು. ಹನ್ನೆರಡು ವರ್ಷವಾಗುವಷ್ಟರಲ್ಲಿ ಶಾಲೆ ಬಿಟ್ಟು, ಮನೆ ಬಿಟ್ಟು, ನ್ಯೂ ಓರ್ಲಿಯನ್ಸ್, ಮೆಂಫಿಸ್, ಸೇಂಟ್ ಲೂಯಿಸ್ ಎಂದು ಊರೂರು ಅಲೆಯುತ್ತ ಬೀದಿಯಲ್ಲಿ ನುಡಿಸಿ ಹೊಟ್ಟೆ ಹೊರೆದ. ಅರ್ಕನ್ಸಾ ರಾಜ್ಯದ ಹೆಲೆನಾ ಎಂಬ ನದಿ ತೀರದ ಊರು ಅವನಿಗೆ ಪಾಠಶಾಲೆಯಾಯಿತು. ಅಲ್ಲಿನ ಬಾನುಲಿಯಲ್ಲಿ 1941ರಿಂದ ಒಂದು ಹಿಟ್ಟಿನ ಕಂಪನಿಯ ಪ್ರಾಯೋಜಕತ್ವದಲ್ಲಿ ಮಧ್ಯಾಹ್ನದ ಹೊತ್ತು ಬ್ಲೂಸ್ ಕಾರ್ಯಕ್ರಮ ನೇರ ಪ್ರಸಾರವಾಗುತ್ತಿತ್ತು. ರೈಸ್ ಮಿಲ್ಲರ್ ಎಂಬಾತ ಅದರಲ್ಲಿ ಸನ್ನಿ ಬಾಯ್ ವಿಲಿಯಮ್ಸನ್ ಎಂಬ ಹೆಸರಿನಿಂದ ಮೌತ್ ಆರ್ಗನ್ ನುಡಿಸುತ್ತಿದ್ದ, ರಾಬರ್ಟ್ ಲಾಕ್‌ವುಡ್ ಜೂನಿಯರ್ ಗಿಟಾರ್. ಅದೇ ಹೆಸರಿನ ಇನ್ನೊಬ್ಬ, ಟೆನೆಸಿಯ ಜಾನ್ ಲೀ ವಿಲಿಯಮ್ಸನ್, ಆಗಲೇ ಷಿಕಾಗೋದಲ್ಲಿ ಧ್ವನಿಮುದ್ರಿಕೆಗಳಿಂದ ಹೆಸರು ಮಾಡಿದ್ದ. ವಾಲ್ಟರ್‌ನ ಆರಂಭದ ವಾದನದಲ್ಲಿ ಈ ಜಾನ್ ಲೀಯ ನೆರಳು ಸ್ಪಷ್ಟವಾಗಿ ಕಾಣುತ್ತದೆ.

ಯುದ್ಧ ಮುಗಿಯುವ ಹೊತ್ತಿಗೆ, 1945-46ರ ಸುಮಾರಿಗೆ, ವಾಲ್ಟರ್ ಷಿಕಾಗೋ ತಲುಪಿದ. ದಕ್ಷಿಣದ ಹತ್ತಿ ಹೊಲಗಳಲ್ಲಿ ಗೇಯುತ್ತಿದ್ದ ಕಪ್ಪು ಜನ ಲಕ್ಷಗಟ್ಟಲೆಯಲ್ಲಿ ರೈಲು ಹತ್ತಿ ಉತ್ತರದ ಕಾರ್ಖಾನೆಗಳತ್ತ ಬರುತ್ತಿದ್ದ ಕಾಲ ಅದು. ಭಾನುವಾರಗಳಂದು ಮ್ಯಾಕ್ಸ್‌ವೆಲ್ ಬೀದಿಯಲ್ಲಿ ಸಂತೆ ನೆರೆಯುತ್ತಿತ್ತು. ಹಳೆಯ ಬಟ್ಟೆ, ಪಾತ್ರೆ, ತರಕಾರಿ, ತಿಂಡಿಗಳ ನಡುವೆ ಸಂಗೀತಗಾರರು ಜಾಗ ಹಿಡಿದು, ಪಕ್ಕದ ಮನೆಯವರಿಗೋ ಅಂಗಡಿಯವರಿಗೋ ಒಂದಿಷ್ಟು ಕಾಸು ಕೊಟ್ಟು ಕಿಟಕಿಯಿಂದ ವಿದ್ಯುತ್ ತಂತಿ ಎಳೆದುಕೊಂಡು ನುಡಿಸುತ್ತಿದ್ದರು. ವಿದ್ಯುತ್ ಗಿಟಾರಿನ ಅಬ್ಬರದ ಮುಂದೆ ಬರಿಯ ಮೌತ್ ಆರ್ಗನ್ ಯಾರಿಗೆ ಕೇಳಿಸೀತು? ವಾದಕರು ಮೈಕ್ ಕೈಗೆತ್ತಿಕೊಂಡದ್ದು ಇಂಥ ಗದ್ದಲದಲ್ಲಿ ತಮ್ಮ ದನಿ ಕಳೆದುಹೋಗದಿರಲಿ ಎಂದು. ಅದೇ ಬೀದಿಯಲ್ಲಿ ರೇಡಿಯೋ ಅಂಗಡಿ ಇಟ್ಟುಕೊಂಡಿದ್ದ ಬರ್ನಾರ್ಡ್ ಏಬ್ರಮ್ಸ್ ತನ್ನ ಓರಾ ನೆಲ್ ಎಂಬ ಪುಟ್ಟ ಲೇಬಲ್‌ಗಾಗಿ 1947ರಲ್ಲಿ ವಾಲ್ಟರ್‌ನ ಮೊದಲ ಧ್ವನಿಮುದ್ರಿಕೆ ಮಾಡಿದ.

1948ರಲ್ಲಿ ಅವನು ಮಡ್ಡಿ ವಾಟರ್ಸ್‌ನ ತಂಡ ಸೇರಿದ. ಮಡ್ಡಿ ಮಿಸಿಸಿಪಿಯಿಂದ ಬಂದ ಗಾಯಕ, ಗಿಟಾರ್ ವಾದಕ. ಇನ್ನೊಂದು ಗಿಟಾರಿಗೆ ಜಿಮ್ಮಿ ರೋಜರ್ಸ್. ಬೇರೆ ತಂಡಗಳು ನುಡಿಸುತ್ತಿದ್ದ ಕ್ಲಬ್‌ಗಳಿಗೆ ನುಗ್ಗಿ, ವೇದಿಕೆ ಹತ್ತಿ, ಅವರನ್ನು ಮೀರಿಸಿ ನುಡಿಸಿ ಹೊರಡುವುದು ಇವರ ರೂಢಿ. ‘ತಲೆ ಬೇಟೆಗಾರರು’ ಎಂಬ ಹೆಸರೇ ಇವರಿಗೆ ಅಂಟಿಕೊಂಡಿತ್ತು. ಇವರ 1950ರ ಆಸುಪಾಸಿನ ಧ್ವನಿಮುದ್ರಿಕೆಗಳಲ್ಲಿ ವಾಲ್ಟರ್ ಇನ್ನೂ ಬರಿಯ ವಾದ್ಯದಲ್ಲೇ ನುಡಿಸುತ್ತಿದ್ದ. ಮಡ್ಡಿಯ ಹಾಡಿನ ಸಾಲು ಮುಗಿದಲ್ಲಿ ಉತ್ತರ ಕೊಡುತ್ತಾನೆ, ಹಾಡುವಾಗ ಹಿಂದೆ ನಿಲ್ಲುತ್ತಾನೆ. ಆ ಸಂಯಮವನ್ನು ಗಮನವಿಟ್ಟು ಕೇಳಿ. ಅಬ್ಬರದ ವಾಲ್ಟರ್‌ನನ್ನು ಮೆಚ್ಚುವವರು ಈ ಭಾಗವನ್ನು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ನನ್ನ ಮಟ್ಟಿಗೆ ಪಕ್ಕವಾದ್ಯ ನುಡಿಸುವವರಿಗೆ ಇಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಮೈಕ್ ಮೂಲಕ ನುಡಿಸಿದ ನಾದ 1951ರ ಜುಲೈ 11ರಂದು ಮಡ್ಡಿಯ ಧ್ವನಿಮುದ್ರಣದಲ್ಲಿ ಮೊದಲ ಬಾರಿಗೆ ದಾಖಲಾಯಿತು.

1952ರ ಮೇ 12 ಅವನ ಬದುಕನ್ನು ತಿರುಗಿಸಿದ ದಿನ. ಷಿಕಾಗೋದಲ್ಲಿ ಚೆಸ್ ಎಂಬ ಧ್ವನಿಮುದ್ರಿಕೆ ಕಂಪನಿಗೆ ಮಡ್ಡಿಯ ಧ್ವನಿಮುದ್ರಣ ನಡೆದಿತ್ತು. ತಂಡ ಕ್ಲಬ್‌ಗಳಲ್ಲಿ ನುಡಿಸುತ್ತಿದ್ದ, ಹಾಡಿಲ್ಲದ ಒಂದು ಕೃತಿಯನ್ನು ವಾಲ್ಟರ್‌ನ ಹೆಸರಿನಲ್ಲಿ ಮುದ್ರಿಸಲಾಯಿತು. ಗಿಟಾರಿನಲ್ಲಿ ಮಡ್ಡಿ ಮತ್ತು ರೋಜರ್ಸ್, ಡ್ರಮ್ಸ್‌ಗೆ ಎಲ್ಗಿನ್ ಎವಾನ್ಸ್. ಅಂಗಸಂಸ್ಥೆಯಾದ ಚೆಕರ್ ಅದನ್ನು ‘ಜ್ಯೂಕ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ರಿದಮ್ ಅಂಡ್ ಬ್ಲೂಸ್ ಜನಪ್ರಿಯತೆಯ ಪಟ್ಟಿಯಲ್ಲಿ ಎಂಟು ವಾರ ಅದು ಮೊದಲ ಸ್ಥಾನದಲ್ಲಿತ್ತು. ಹಾಡಿಲ್ಲದ ಮೌತ್ ಆರ್ಗನ್ ವಾದನವೊಂದು ಆ ಪಟ್ಟಿಯ ಶಿಖರ ಮುಟ್ಟಿದ್ದು ಅದೊಂದೇ ಸಲ. ತಂಡದ ಯಜಮಾನ ಮಡ್ಡಿಗೂ ಆ ಪಟ್ಟಿಯಲ್ಲಿ ಮೊದಲ ಸ್ಥಾನ ಎಂದೂ ದಕ್ಕಲಿಲ್ಲ.

ಮೂರು ನಿಮಿಷವೂ ಇಲ್ಲದ ಈ ಕೃತಿಯಲ್ಲಿ ನಡೆಯುವುದೇನು? ಆರಂಭದ ಸಾಲು ಮೆಟ್ಟಿಲು ಹತ್ತಿದಂತೆ ಏರಿ ತಾರಷಡ್ಜದ ಮೇಲೆ ನಿಲ್ಲುತ್ತದೆ, ಸ್ವಲ್ಪ ಬಿಡುವು ಕೊಟ್ಟು ಮತ್ತೆ ಏರುತ್ತದೆ. ಹನ್ನೆರಡು ಮಾತ್ರಾಗಣಗಳ ಬ್ಲೂಸ್ ಆವರ್ತನ ಪ್ರತಿ ಬಾರಿ ಸುತ್ತಿ ಬಂದಾಗಲೂ ಅವನು ಹೊಸ ಸಂಗತಿಯೊಂದನ್ನು ಎತ್ತಿಕೊಳ್ಳುತ್ತಾನೆ: ಒಮ್ಮೆ ಬಿಡಿಸ್ವರಗಳು, ಒಮ್ಮೆ ದಟ್ಟವಾದ ಸ್ವರಮೇಳ, ಒಮ್ಮೆ ಒಂದೇ ಸ್ವರವನ್ನು ಹಿಡಿದು ಲಯದ ಮೇಲೆ ಆಟ. ಅವನಿಗೆ ಮುಂಚಿನ ವಾದಕರು ಉಸಿರಿನ ಏರಿಳಿತಕ್ಕೆ ತಕ್ಕಂತೆ, ರೈಲಿನ ಸದ್ದು ಬೇಟೆನಾಯಿಗಳ ಸದ್ದು ಹೊರಡಿಸುತ್ತ ನುಡಿಸುತ್ತಿದ್ದರು. ವಾಲ್ಟರ್ ಕೃತಿಗೆ ಆದಿ, ಏರಿಕೆ, ಮುಕ್ತಾಯ ಇರುವಂತೆ ಕಟ್ಟುತ್ತಾನೆ.

‘ಜ್ಯೂಕ್’ ಗೆದ್ದದ್ದು ತಿಳಿದಾಗ ಮಡ್ಡಿಯ ತಂಡ ದಕ್ಷಿಣದ ಪ್ರವಾಸದಲ್ಲಿತ್ತು. ವಾಲ್ಟರ್ ತಂಡ ತೊರೆದು ಷಿಕಾಗೋಗೆ ಮರಳಿದ. ಅಲ್ಲಿ ಜೂನಿಯರ್ ವೆಲ್ಸ್ ಎಂಬ ಎಳೆಯ ಮೌತ್ ಆರ್ಗನ್ ವಾದಕನ ಜೊತೆ ಲೂಯಿ ಮತ್ತು ಡೇವ್ ಮೈಯರ್ಸ್ ಸಹೋದರರು, ಡ್ರಮ್ಸ್‌ಗೆ ಫ್ರೆಡ್ ಬಿಲೋ ಇದ್ದ ‘ಏಸಸ್’ ತಂಡವಿತ್ತು. ವೆಲ್ಸ್ ಮಡ್ಡಿಯ ಬಳಿಗೆ ಹೋದ, ವಾಲ್ಟರ್ ಏಸಸ್ ಜೊತೆ ಸೇರಿದ. ಈ ಅದಲುಬದಲು ಬ್ಲೂಸ್‌ಗೆ ವರವಾಯಿತು ಎನ್ನಬೇಕು. ಬಿಲೋ ಜಾಝ್ ಬಲ್ಲವನು, ಅವನ ಲಯದಲ್ಲಿ ಜೀಕು ಇತ್ತು. ಸ್ಯಾಕ್ಸೋಫೋನಿನಂತೆ ಓಡಬೇಕೆಂದಿದ್ದ ವಾಲ್ಟರ್‌ಗೆ ಅಂಥದೇ ನೆಲ ಬೇಕಿತ್ತು. 1952ರಿಂದ 1958ರೊಳಗೆ ಅವನ 14 ಧ್ವನಿಮುದ್ರಿಕೆಗಳು ಬಿಲ್‌ಬೋರ್ಡ್‌ನ ಆ ಪಟ್ಟಿಯ ಮೊದಲ ಹತ್ತರಲ್ಲಿ ಬಂದವು. 1955ರಲ್ಲಿ ವಿಲ್ಲಿ ಡಿಕ್ಸನ್ ಒಂದು ಹಳೆಯ ಭಕ್ತಿಗೀತೆಯ ಧಾಟಿಯ ಮೇಲೆ ಬರೆದುಕೊಟ್ಟ ‘ಮೈ ಬೇಬ್’ ಮತ್ತೆ ಮೊದಲ ಸ್ಥಾನಕ್ಕೇರಿತು. ಹುಡುಗನಾಗಿದ್ದಾಗ ಹೆಲೆನಾದ ಬಾನುಲಿಯಲ್ಲಿ ಕೇಳಿದ್ದ ಲಾಕ್‌ವುಡ್ ಆ ಹೊತ್ತಿಗೆ ಇವನ ಗಿಟಾರ್ ವಾದಕನಾಗಿದ್ದ. ಮಡ್ಡಿಯ ತಂಡ ಬಿಟ್ಟರೂ ಅವನ ಧ್ವನಿಮುದ್ರಣಗಳಿಗೆ ವಾಲ್ಟರ್ ಹೋಗುತ್ತಲೇ ಇದ್ದ. 1954ರ ಮಡ್ಡಿಯ ಪ್ರಸಿದ್ಧ ಹಾಡುಗಳಲ್ಲಿ ಕೇಳುವ ಮೌತ್ ಆರ್ಗನ್ ಅವನದೇ.

ಆ ನಾದದ ಗುಟ್ಟನ್ನು ಕೇಳಿದ್ದಿರಿ. ಅಗ್ಗದ, ಪ್ರಕಟಣೆಗೆ ಬಳಸುವಂಥ ಮೈಕ್ ಒಂದನ್ನು ವಾದ್ಯದ ಬೆನ್ನಿಗೆ ಒತ್ತಿ, ಎರಡನ್ನೂ ಅಂಗೈಗಳೊಳಗೆ ಗಾಳಿಯಾಡದಂತೆ ಮುಚ್ಚಿ ಹಿಡಿಯುತ್ತಾರೆ. ಹಾಗೆ ಮುಚ್ಚಿದಾಗ ಕೀರಲು ಸದ್ದೆಲ್ಲ ಅಡಗಿ, ಕೆಳಗಿನ ನಾದ ದಪ್ಪವಾಗುತ್ತದೆ. ಮೈಕ್ ತಾಳಲಾರದಷ್ಟು ಒತ್ತಡ ಅದರ ಮೇಲೆ ಬೀಳುತ್ತದೆ. ಅದರ ತಂತಿ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳಿರುವ ಆಂಪ್ಲಿಫೈಯರ್‌ಗೆ ಹೋದಾಗ ಆ ವಾಲ್ವ್‌ಗಳು ಮಿತಿ ಮೀರಿ ದುಡಿದು ನಾದವನ್ನು ಒಡೆಯುತ್ತವೆ. ಎಂಜಿನಿಯರ್ ದೋಷವೆಂದು ಕರೆಯುವ ಆ ಒಡಕನ್ನೇ ವಾಲ್ಟರ್ ಬೇಕೆಂದು ಹಿಡಿದ. ಮೆಲ್ಲನೆ ನುಡಿಸಿದರೆ ಸ್ವಚ್ಛ ನಾದ, ಉಸಿರು ಹೆಚ್ಚಿಸಿದರೆ ಗರ್ಜನೆ, ಬೆರಳು ಬಿಡಿಸಿದರೆ ಬೆಳಕು. ಬಹಳ ಸಲ ಬಾಯಿಯನ್ನು ನಾಲ್ಕು ರಂಧ್ರಗಳಷ್ಟು ಅಗಲಿಸಿ, ನಡುವಿನ ಎರಡನ್ನು ನಾಲಿಗೆಯಿಂದ ಮುಚ್ಚಿ, ಎರಡು ಅಂಚಿನಿಂದ ಒಂದೇ ಸ್ವರದ ಎರಡು ಸ್ಥಾಯಿಗಳನ್ನು ಒಟ್ಟಿಗೆ ಹೊರಡಿಸುತ್ತಿದ್ದ. ನೀವು ಸ್ಯಾಕ್ಸೋಫೋನ್ ಎಂದುಕೊಂಡ ದಪ್ಪ ನಾದದಲ್ಲಿ ನಾಲಿಗೆಯ ಈ ಕೆಲಸಕ್ಕೆ ದೊಡ್ಡ ಪಾಲಿದೆ. ಗುಂಡಿ ಒತ್ತಿ ಅರ್ಧ ಸ್ವರ ಏರಿಸುವ ಕ್ರೊಮ್ಯಾಟಿಕ್ ವಾದ್ಯವನ್ನೂ ಅವನು ಬ್ಲೂಸ್‌ಗೆ ಒಗ್ಗಿಸಿದ. ಸಿ ಶ್ರುತಿಯ ಕ್ರೊಮ್ಯಾಟಿಕ್‌ನಲ್ಲಿ ಡಿಯನ್ನು ಷಡ್ಜ ಮಾಡಿಕೊಂಡರೆ ಒಳಉಸಿರೆಲ್ಲ ಒಂದು ಗಂಭೀರ ಸ್ವರಮೇಳವಾಗುತ್ತದೆ. ಅದು ಖರಹರಪ್ರಿಯದ ಕಡೆಯ ದಾರಿ.

1950ರ ದಶಕ ಮುಗಿಯುವಾಗ ಕೇಳುಗರು ಬೇರೆ ಸಂಗೀತಕ್ಕೆ ಹೊರಳಿದರು. ವಾಲ್ಟರ್‌ನ ಕುಡಿತವೂ ಮುಂಗೋಪವೂ ಅವನ ಬದುಕನ್ನು ತಿಂದವು. ಕೊನೆಯ ವರ್ಷಗಳ ಚಿತ್ರಗಳಲ್ಲಿ ಮುಖದ ಮೇಲಿನ ಗಾಯದ ಗುರುತುಗಳು ಎದ್ದು ಕಾಣುತ್ತವೆ. ಅದನ್ನೇ ಕಥೆಯ ಸ್ವಾರಸ್ಯವಾಗಿ ಹೇಳುವವರಿದ್ದಾರೆ, ನನಗೆ ಅದು ಸಂಕಟ ತರುತ್ತದೆ. ಹನ್ನೆರಡು ವರ್ಷಕ್ಕೆ ಬೀದಿಗೆ ಬಿದ್ದ ಮಗು ಜಗಳದಲ್ಲೇ ಬೆಳೆಯಿತು. 1964ರಲ್ಲೂ 1967ರಲ್ಲೂ ಯುರೋಪ್ ಪ್ರವಾಸ ಮಾಡಿದ. 1967ರ ಅಕ್ಟೋಬರ್‌ನಲ್ಲಿ ಕೋಪನ್‌ಹೇಗನ್‌ನ ದೂರದರ್ಶನದಲ್ಲಿ ಹೌಂಡ್ ಡಾಗ್ ಟೇಲರ್ ಮತ್ತು ಕೋಕೋ ಟೇಲರ್ ಅವರಿಗೆ ಪಕ್ಕವಾದ್ಯ ನುಡಿಸಿದ ದೃಶ್ಯ ಉಳಿದಿದೆ. ಅದಾಗಿ ನಾಲ್ಕು ತಿಂಗಳಿಗೆ, ಷಿಕಾಗೋದ ಕ್ಲಬ್ಬೊಂದರಲ್ಲಿ ಬಿಡುವಿನ ವೇಳೆ ನಡೆದ ಹೊಡೆದಾಟದಲ್ಲಿ ಪೆಟ್ಟು ತಿಂದ. ಹೊರನೋಟಕ್ಕೆ ಅದು ಅಂಥ ದೊಡ್ಡ ಪೆಟ್ಟಾಗಿರಲಿಲ್ಲ. ಹಳೆಯ ಪೆಟ್ಟುಗಳ ಮೇಲೆ ಬಿದ್ದ ಅದು ಪ್ರಾಣಕ್ಕೇ ಎರವಾಯಿತು. 1968ರ ಫೆಬ್ರವರಿ 15ರಂದು ನಿದ್ದೆಯಲ್ಲೇ ತೀರಿಕೊಂಡ. ಮರಣ ಪ್ರಮಾಣಪತ್ರದಲ್ಲಿ ಹೃದಯದ ರಕ್ತನಾಳದ ಹೆಪ್ಪು ಎಂದು ಬರೆದಿದೆ. ವಯಸ್ಸು 37. ಸಮಾಧಿಗೆ 1991ರವರೆಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ, ಕೊನೆಗೆ ಅಭಿಮಾನಿಗಳೇ ಹಾಕಿಸಿದರು. 2008ರಲ್ಲಿ ಅವನನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಅಮೆರಿಕದ ಸಂಗೀತಗಾರರ ಗೌರವ ಪಟ್ಟಿಗೆ ಸೇರಿಸಿಕೊಂಡರು. ಮೌತ್ ಆರ್ಗನ್ ವಾದನಕ್ಕಾಗಿಯೇ ಅಲ್ಲಿಗೆ ಸೇರಿದ ಏಕೈಕ ಕಲಾವಿದ ಅವನು.

ಕಲಿಯಬಹುದೇ ಎಂದಿರಿ. ಖಂಡಿತ ಕಲಿಯಬಹುದು. ಹತ್ತು ರಂಧ್ರದ ಡಯಾಟೋನಿಕ್ ಒಂದನ್ನು ಕೊಳ್ಳಿ. ಸಿ ಶ್ರುತಿಯದು ಸುಲಭವಾಗಿ ಸಿಗುತ್ತದೆ, ಅದರಿಂದಲೇ ಶುರು ಮಾಡಿ. ಪೆಟ್ಟಿಗೆಯ ಮೇಲೆ ಟ್ರೆಮೊಲೊ ಎಂದಿದ್ದರೆ ಬೇಡ. ಮೈಕ್, ಆಂಪ್ಲಿಫೈಯರ್ ಕೂಡ ಈಗ ಬೇಡ. ಬರಿಯ ವಾದ್ಯದಲ್ಲಿ ನಾದವಿಲ್ಲದವರಿಗೆ ಅವು ಗದ್ದಲವನ್ನಷ್ಟೇ ಕೊಡುತ್ತವೆ. ಮೊದಲ ಕೆಲವು ವಾರ ಒಂದೊಂದೇ ಸ್ವರವನ್ನು ಪಕ್ಕದ ರಂಧ್ರ ಸೋಕದಂತೆ ನುಡಿಸಿ. ಎರಡನೆಯ ರಂಧ್ರವನ್ನು ಎಳೆದಾಗ ದನಿ ಬಾರದೆ ಉಸಿರು ಕಟ್ಟಿದಂತಾಗುತ್ತದೆ. ವಾದ್ಯ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಗಂಟಲು ಸಡಿಲಿಸಿ, ಮೆಲ್ಲಗೆ ಎಳೆಯಿರಿ, ಬರುತ್ತದೆ. ಸ್ವರ ಬಾಗಿಸುವುದನ್ನು ನಾಲ್ಕನೆಯ ರಂಧ್ರದಿಂದ ಆರಂಭಿಸಿ, ಅಲ್ಲಿ ಅರ್ಧ ಸ್ವರವಷ್ಟೇ ಇಳಿಯಬೇಕು. ಮೂರನೆಯದು ಎಲ್ಲಕ್ಕಿಂತ ಕಠಿಣ, ಅದಕ್ಕೆ ತಿಂಗಳುಗಳೇ ಬೇಕು. ತಂಬೂರಿ ಹಾಕಿಕೊಂಡು, ಜಿಯನ್ನು ಷಡ್ಜವಾಗಿಟ್ಟು, ಅಂತರ ಗಾಂಧಾರದಿಂದ ಸಾಧಾರಣಕ್ಕೂ ಅಲ್ಲಿಂದ ಮರಳಿ ಮೇಲಕ್ಕೂ ಜಾರಿ ಅಭ್ಯಾಸ ಮಾಡಿ. ವಾಲ್ಟರ್‌ನ ಸಾಲುಗಳನ್ನು ನುಡಿಸುವ ಮುನ್ನ ಬಾಯಲ್ಲಿ ಹಾಡಿ ಕಲಿಯಿರಿ.

ಕೇಳಲು ಮಡ್ಡಿಯ 1950-51ರ ಧ್ವನಿಮುದ್ರಿಕೆಗಳಿಂದ ಹೊರಡಿ, ನಂತರ ‘ಜ್ಯೂಕ್’, ಆಮೇಲೆ ‘ಸ್ಯಾಡ್ ಅವರ್ಸ್’ ಮತ್ತು ‘ಆಫ್ ದಿ ವಾಲ್’, ಕೊನೆಗೆ 1958ರ ‘ಕೀ ಟು ದಿ ಹೈವೇ’. ಸಿ ವಾದ್ಯ ಪಳಗಿದ ಮೇಲೆ ಎರಡನೆಯದನ್ನು ಎ ಶ್ರುತಿಯಲ್ಲಿ ತರಿಸಿಕೊಳ್ಳಿ. ‘ಜ್ಯೂಕ್’ ಇರುವುದು ‘ಇ’ ಶ್ರುತಿಯಲ್ಲಿ, ಎ ವಾದ್ಯದ ಎರಡನೆಯ ರಂಧ್ರವನ್ನು ಎಳೆದರೆ ಸಿಗುವುದೂ ಅದೇ ‘ಇ’. ಆರನೆಯ ರಂಧ್ರವನ್ನು ಊದಿದರೆ ತಾರಷಡ್ಜ, ಮೊದಲ ಸಾಲು ಹೋಗಿ ನಿಲ್ಲುವುದು ಅಲ್ಲೇ.